ಸೋಸಿದ ನೀರು, ತೊಳೆದ ಕಲ್ಲು

ಜೈನ ಗೃಹಸ್ಥರ ಮನೆಗಳಲ್ಲಿ ನೀರು ಸೋಸುವ ಬಟ್ಟೆಗೆ ಹಿಂದೊಮ್ಮೆ ಇದ್ದ ಗೌರವ ಇಂದು ಉಳಿದಿಲ್ಲ. ದಪ್ಪನೆಯ ಹತ್ತಿಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಿಡಿದು ನೀರನ್ನು ಗಾಳಿಸುತ್ತಿದ್ದರು ಎಂಬಷ್ಟು ಹೊಸ ತಲೆಮಾರಿಗೂ ಗೊತ್ತು. ಆದರೆ ಅದು ಆಚಾರದ ಅರ್ಧ ಮಾತ್ರ. ಬಟ್ಟೆಯಲ್ಲಿ ಉಳಿದದ್ದನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಆ ನೀರನ್ನು ಯಾವ ಬಾವಿಯಿಂದ ತಂದದ್ದೋ ಅದೇ ಬಾವಿಗೆ ಮರಳಿ ಬಿಡಬೇಕೆಂಬುದು ಇನ್ನರ್ಧ. ಅದನ್ನು ದಡದಿಂದ ಎತ್ತಿ ಸುರಿಯುವಂತಿರಲಿಲ್ಲ. ಪಾತ್ರೆಯನ್ನು ಹಗ್ಗದಲ್ಲಿ ನೀರಿನ ಮಟ್ಟದವರೆಗೆ ಇಳಿಸಿ, ಅಲ್ಲಿ ಓರೆ ಮಾಡಿ ಬಿಡಬೇಕಾಗಿತ್ತು. ಕೆರೆಯ ಜೀವಿಯನ್ನು ಬಾವಿಗೂ, ಸಿಹಿನೀರಿನದನ್ನು ಸವುಳು ನೀರಿಗೂ ಬಿಟ್ಟರೆ ಅದು ಬದುಕುವುದಿಲ್ಲ ಎಂಬುದು ಇದಕ್ಕೆ ಕೊಡುತ್ತಿದ್ದ ಕಾರಣ. ಸೋಸಿದ ನೀರಿಗೂ ಎರಡು ಘಳಿಗೆಯ ಮರ್ಯಾದೆ ಇತ್ತು. ಅದು ಮೀರಿದರೆ ಮತ್ತೆ ಸೋಸಬೇಕು.

ಈ ಇನ್ನರ್ಧವೇ ಈಗ ಕಾಣೆಯಾಗಿರುವುದು. ನಲ್ಲಿಗೆ ಕಟ್ಟಿದ ಬಟ್ಟೆಯ ಚೀಲವನ್ನು ತಿಂಗಳಿಗೊಮ್ಮೆ ಬಿಚ್ಚಿ ಬಚ್ಚಲಿನಲ್ಲಿ ಕೊಡವುತ್ತಾರೆ. ಯಂತ್ರದಿಂದ ಶುದ್ಧಿಗೊಂಡ ನೀರು ಬಂದ ಮೇಲೆ ಆ ಚೀಲವೂ ಬೇಡವಾಗಿದೆ. ಕುಡಿಯುವವನ ಬಾಯಿಗೆ ಜೀವಿ ಹೋಗಲಿಲ್ಲ. ಆದ್ದರಿಂದ ವ್ರತ ನಡೆಯಿತು ಎಂದು ಲೆಕ್ಕ. ಆದರೆ ಶ್ರಾವಕಾಚಾರ ಕೇಳುತ್ತಿದ್ದ ಪ್ರಶ್ನೆ ಬಾಯಿಯದಾಗಿರಲಿಲ್ಲ. ಆ ಜೀವಿಯ ಮನೆ ಯಾವುದು, ಅದು ಅಲ್ಲಿಗೆ ಮರಳಿತೇ ಎಂಬುದು ಅದರ ಪ್ರಶ್ನೆಯಾಗಿತ್ತು.

ಒಂದು ಹನಿ ನೀರಿನಲ್ಲಿ 36,450 ಜೀವಿಗಳಿವೆ ಎಂಬ ಸಂಖ್ಯೆಯನ್ನು ಕ್ಯಾಪ್ಟನ್ ಸ್ಕೋರ್ಸ್‌ಬಿ ಎಂಬ ಆಂಗ್ಲನ ಹೆಸರಿನಲ್ಲಿ ಜೈನ ಕಿರುಹೊತ್ತಗೆಗಳು ತಲೆಮಾರುಗಳಿಂದ ಅಚ್ಚು ಹಾಕುತ್ತ ಬಂದಿವೆ. ಬಾವಿಯ ಹನಿಯೋ, ಸಮುದ್ರದ ಹನಿಯೋ, ಬೇಸಿಗೆಯದೋ, ಮಳೆಗಾಲದ್ದೋ ಎಂದು ಯಾರೂ ಕೇಳಿದಂತಿಲ್ಲ. ಎಲ್ಲ ಹನಿಗೂ ಒಂದೇ ಸಂಖ್ಯೆ ಇರಲಾರದು ಎಂಬುದು ನೀರನ್ನು ಅದೇ ಬಾವಿಗೆ ಮರಳಿಸುತ್ತಿದ್ದ ಅಜ್ಜಿಗೆ ತಿಳಿದಿತ್ತು. ವಿಜ್ಞಾನದ ಮುದ್ರೆ ಬೇಕೆಂದು ಹಂಬಲಿಸುವವರಿಗೆ ಇದಕ್ಕಿಂತ ಗಟ್ಟಿಯಾದ ಸಂಗತಿಗಳಿವೆ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ತಿಕ್ಕಿದ ಮಸೂರದಲ್ಲಿ 1674ರಲ್ಲಿ ಕೆರೆಯ ನೀರಿನೊಳಗಿನ ಜೀವಿಗಳನ್ನು ಕಂಡನು. 1702ರಲ್ಲಿ ಆತನು ಮನೆಯ ಸೂರಿನ ದೋಣಿಯಲ್ಲಿ ಒಣಗಿಹೋಗಿದ್ದ ಧೂಳಿಗೆ ನೀರು ಹಾಕಿ ನೋಡಿದಾಗ, ಸತ್ತ ಮಣ್ಣೆಂದು ತೋರುತ್ತಿದ್ದುದರಲ್ಲಿ ಚಕ್ರದಂತೆ ರೋಮ ಆಡಿಸುವ ಜೀವಿಗಳು ಎದ್ದು ಈಜತೊಡಗಿದವು. ಒಂದು ಹಿಡಿ ಒಣಧೂಳು ಯಾರದೋ ಮನೆಯಾಗಿತ್ತು.

ಶಾಸ್ತ್ರಕಾರರು ಇದಕ್ಕೆ ಒಂದು ಪದವನ್ನೇ ಇಟ್ಟಿದ್ದಾರೆ. ಅದು 'ಯೋನಿ'. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಜೀವಿಗಳ ಉತ್ಪತ್ತಿ ಸ್ಥಾನಗಳನ್ನು ಸಚಿತ್ತ, ಅಚಿತ್ತ, ಮಿಶ್ರ. ಶೀತ, ಉಷ್ಣ, ಮಿಶ್ರ. ಸಂವೃತ, ವಿವೃತ, ಮಿಶ್ರ ಎಂದು ಒಂಬತ್ತು ಬಗೆಯಾಗಿ ವಿಂಗಡಿಸಿದ್ದಾರೆ. ಅಂದರೆ ಆ ಸ್ಥಾನ ಸಜೀವವೇ ನಿರ್ಜೀವವೇ, ತಂಪೇ ಬಿಸಿಯೇ, ಮುಚ್ಚಿದ್ದೇ ತೆರೆದದ್ದೇ ಎಂಬ ವಿಚಾರಣೆ. ಎಂಬತ್ತನಾಲ್ಕು ಲಕ್ಷ ಯೋನಿಗಳ ಮಾತನ್ನು ಪ್ರತಿ ಪ್ರವಚನದಲ್ಲಿಯೂ ಕೇಳುವ ಶ್ರಾವಕರು ಆ ಲೆಕ್ಕವನ್ನು ಬಿಡಿಸಿ ನೋಡಿದ್ದು ಅಪರೂಪ. ಪೃಥ್ವಿ, ಜಲ, ಅಗ್ನಿ, ವಾಯು, ನಿತ್ಯನಿಗೋದ, ಇತರನಿಗೋದಗಳಿಗೆ ಏಳೇಳು ಲಕ್ಷದಂತೆ ನಲವತ್ತೆರಡು. ಪ್ರತ್ಯೇಕ ವನಸ್ಪತಿಗೆ ಹತ್ತು. ಎರಡು, ಮೂರು, ನಾಲ್ಕು ಇಂದ್ರಿಯದವಕ್ಕೆ ಎರಡೆರಡರಂತೆ ಆರು. ಇಲ್ಲಿಗೇ ಐವತ್ತೆಂಟು ಲಕ್ಷವಾಯಿತು. ಮನುಷ್ಯನಿಗೆ ಹದಿನಾಲ್ಕು. ಉಳಿದ ಹನ್ನೆರಡನ್ನು ದೇವ, ನಾರಕ, ಪಂಚೇಂದ್ರಿಯ ತಿರ್ಯಂಚರು ಹಂಚಿಕೊಂಡಿದ್ದಾರೆ. ಈ ಗಣನೆಯ ಬಹುಭಾಗ ಕಣ್ಣಿಗೆ ಬೀಳದ ಸಣ್ಣ ನೆಲೆಗಳ ಗಣನೆ: ಕಲ್ಲಿನ ಬಿರುಕು, ತೊಗಟೆಯ ಒಳಮೈ, ತೇವದ ಮಣ್ಣು, ಕೊಳೆತ ಎಲೆ.

ಆಚಾರಗಳೂ ಅದನ್ನೇ ಹೇಳುತ್ತವೆ. ಅಷ್ಟಮೂಲಗುಣಗಳಲ್ಲಿ ಪಂಚ ಉದುಂಬರಗಳ ತ್ಯಾಗ ಏಕೆ ಸೇರಿತು? ಅತ್ತಿಹಣ್ಣನ್ನು ಬಿಡಿಸಿ ನೋಡಬಾರದೆಂದು ಹಳ್ಳಿಯವರು ಹೇಳುವುದುಂಟು. ಬಿಡಿಸಿದರೆ ಒಳಗೆ ಹುಳ. ಆಲ, ಅರಳಿ, ಅತ್ತಿಗಳ ಕಾಯಿ ನಿಜವಾಗಿ ಹೂಗಳನ್ನು ಒಳಮುಖವಾಗಿ ಮುಚ್ಚಿಟ್ಟ ಒಂದು ಕೋಣೆ. ಸಾಸಿವೆಗಿಂತ ಚಿಕ್ಕದಾದ ಕಣಜವೊಂದು ಅದರ ತುದಿಯ ಕಿರುದ್ವಾರದಿಂದ ನುಗ್ಗಿ, ನುಗ್ಗುವಾಗಲೇ ರೆಕ್ಕೆ ಹರಿದುಕೊಂಡು, ಪರಾಗವನ್ನು ಇಟ್ಟು, ಮೊಟ್ಟೆಯನ್ನೂ ಇಟ್ಟು ಅಲ್ಲಿಯೇ ಸಾಯುತ್ತದೆ. ಅದರ ಸಂತತಿಯಲ್ಲಿ ರೆಕ್ಕೆಯಿಲ್ಲದ ಗಂಡುಗಳು ಆ ಕೋಣೆಯಲ್ಲಿ ಹುಟ್ಟಿ, ಸಾಮಾನ್ಯವಾಗಿ ಅಲ್ಲಿಯೇ ಮುಗಿಯುತ್ತವೆ. ಹೆಣ್ಣುಗಳು ಹೊರಬಂದು ಬೇರೆ ಮರವನ್ನು ಅರಸುತ್ತವೆ. ಈ ಕಣಜವಿಲ್ಲದೆ ಆ ಮರಕ್ಕೆ ಬೀಜವಿಲ್ಲ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನದ ಮರ್ಯಾದೆ ಇಟ್ಟವರೂ ಡಬ್ಬಿಯೊಳಗಿನ ಶಾಖ ತೇವಗಳನ್ನು ಗಮನಿಸಿಯೇ ಇಟ್ಟರು. ಚಾತುರ್ಮಾಸದಲ್ಲಿ ಮುನಿಗಳು ಸಂಚಾರ ನಿಲ್ಲಿಸುವುದಕ್ಕೂ ನೆಲವೆಲ್ಲ ಮನೆಯಾಗಿಬಿಡುವ ಕಾಲವದು ಎಂಬುದೇ ಕಾರಣ.

ಇಷ್ಟು ಸೂಕ್ಷ್ಮವಾದ ಪರಂಪರೆಯನ್ನು ಹೊಂದಿದ ಸಮಾಜ ತನ್ನ ಜಿನಮಂದಿರಗಳ ಆವರಣದಲ್ಲಿ ಏನು ಮಾಡುತ್ತಿದೆ?

ಜೀರ್ಣೋದ್ಧಾರ ಎಂಬ ಪವಿತ್ರ ಶಬ್ದದ ಅಡಿಯಲ್ಲಿ ನಡೆಯುತ್ತಿರುವ ಕೆಲಸಗಳನ್ನು ಒಮ್ಮೆ ಕಣ್ಣು ತೆರೆದು ನೋಡಬೇಕು. ದಾನಿಯೊಬ್ಬರು ಸಿಕ್ಕೊಡನೆ ಮೊದಲು ಬರುವುದು ಆ್ಯಸಿಡ್ ಡಬ್ಬಿ. ಶತಮಾನಗಳ ಕಲ್ಲಿನ ಮೇಲಿದ್ದ ಕಲ್ಲುಹೂವು, ಹಾವಸೆಗಳನ್ನು ಉಜ್ಜಿ ತೆಗೆದು ಕಲ್ಲನ್ನು 'ಹೊಸದು' ಮಾಡುತ್ತಾರೆ. ಎರಡನೆಯದಾಗಿ, ಗಾರೆಯಿಲ್ಲದೆ ಜೋಡಿಸಿದ ಪೌಳಿಗೋಡೆಯ ಸಂದುಗಳಿಗೆ ಸಿಮೆಂಟು ತುಂಬುತ್ತಾರೆ. ಮೂರನೆಯದಾಗಿ, ಅಂಗಳದ ಮಣ್ಣಿನ ಮೇಲೆ ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್ ಟೈಲ್ಸ್ ಹಾಸುತ್ತಾರೆ. ಅದರ ಸಂದಿಯಲ್ಲಿ ಹುಲ್ಲು ಚಿಗುರಿದರೆ ಕಳೆನಾಶಕ. ಕಲ್ಯಾಣಿಯ ಮೆಟ್ಟಿಲ ಸಂದುಗಳೂ ಮುಚ್ಚಿಹೋಗುತ್ತವೆ. ಕಪ್ಪೆಗೆ, ಏಡಿಗೆ, ಹಲ್ಲಿಗೆ, ಒಂಟಿ ಜೇನಿಗೆ, ಶಂಖದ ಹುಳುವಿಗೆ ಇದ್ದ ಬಾಗಿಲುಗಳನ್ನೆಲ್ಲ ಒಂದು ವಾರದಲ್ಲಿ ಮುಚ್ಚಿ, ಒಳಗಿದ್ದವನ್ನು ಒಳಗೇ ಬಿಟ್ಟು, ಮೇಲೆ ದಾನಿಗಳ ಹೆಸರಿನ ಅಮೃತಶಿಲೆಯ ಫಲಕ ನಿಲ್ಲಿಸುತ್ತಾರೆ. ಗರ್ಭಗೃಹದಲ್ಲಿ ಅದೇ ದಿನ ಅಹಿಂಸೆಯ ಪ್ರವಚನ.

ವಟ್ಟಕೇರ ಆಚಾರ್ಯರ ಮೂಲಾಚಾರವು ಶೈವಲವನ್ನೂ, ಅಣಬೆಯ ಜಾತಿಯನ್ನೂ ಅನಂತಕಾಯದಲ್ಲಿ, ಎಂದರೆ ಒಂದೇ ದೇಹದಲ್ಲಿ ಅನಂತ ಜೀವಗಳು ನೆಲೆಸಿರುವ ವನಸ್ಪತಿಗಳಲ್ಲಿ ಎಣಿಸುತ್ತದೆ. ಆಲೂಗಡ್ಡೆ, ಗೆಣಸು, ಹಸಿಶುಂಠಿಗಳನ್ನು ಅನೇಕ ಮನೆಗಳು ತ್ಯಜಿಸಿರುವುದೂ ಅನಂತಕಾಯವೆಂಬ ಇದೇ ಕಾರಣಕ್ಕೆ. ಪರ್ವದ ದಿನ ಸಾರಿಗೆ ಗೆಡ್ಡೆ ಬಿದ್ದಿದೆಯೆಂದು ತಟ್ಟೆಯನ್ನು ಸರಿಸುವ ಟ್ರಸ್ಟಿ ಮಾರನೆಯ ದಿನ ಪಾಚಿ ತೊಳೆಯುವ ಗುತ್ತಿಗೆಗೆ ಸಹಿ ಹಾಕುತ್ತಾನೆ. ಒಂದೇ ವರ್ಗದ ಜೀವ. ಒಂದನ್ನು ತಿಂದರೆ ಪಾಪ, ಇನ್ನೊಂದನ್ನು ಆ್ಯಸಿಡ್‌ನಲ್ಲಿ ಸುಟ್ಟರೆ ಪುಣ್ಯ! ವ್ರತ ಬಾಯಿಗೆ ಮಾತ್ರ, ಕೈಗೆ ರಜೆ ಎಂಬಂತಾಗಿದೆ.

ಇದೇ ಸರದಿಯಲ್ಲಿ ದೀಪದ ಮಾತನ್ನೂ ಆಡಿಬಿಡಬೇಕು. ರಾತ್ರಿಭೋಜನ ತ್ಯಾಗಕ್ಕೆ ಕೊಡುವ ಕಾರಣಗಳಲ್ಲಿ ದೀಪಕ್ಕೆ ಮುತ್ತುವ ಹುಳುಗಳ ಹಿಂಸೆ ಮುಖ್ಯವಾದುದು. ಆ ಕಾರಣಕ್ಕಾಗಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಸಮಾಜ, ಬೆಳಗಿನವರೆಗೆ ಗೋಪುರಕ್ಕೂ ಮಾನಸ್ತಂಭಕ್ಕೂ ಪ್ರಖರ ದೀಪ ಹರಿಸಿ, ಮುಂಜಾನೆ ದೀಪದ ಬುಡದಲ್ಲಿ ಬಿದ್ದ ರಾಶಿಯನ್ನು ಪೊರಕೆಯಿಂದ ಗುಡಿಸಿಸುತ್ತದೆ. ಅಲ್ಲಿ ಊಟ ಮಾಡುವವರು ಯಾರೂ ಇರಲಿಲ್ಲವೆಂಬುದು ಸಮಾಧಾನವೇ?

ಮಂಡ್ಯ ಜಿಲ್ಲೆಯ ವಿಷಯ ತೆಗೆದುಕೊಂಡರೆ ಈ ಮಾತು ಇನ್ನಷ್ಟು ಹತ್ತಿರ ಬರುತ್ತದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿ, ಮದ್ದೂರು ತಾಲ್ಲೂಕಿನ ಆರೆತಿಪ್ಪೂರು ಇವು ಗಂಗ-ಹೊಯ್ಸಳರ ಕಾಲದಿಂದ ಜೈನರ ಹೆಮ್ಮೆಯ ನೆಲೆಗಳು. ತಿಪ್ಪೂರನ್ನು ವಿಷ್ಣುವರ್ಧನನಿಂದ ಪಡೆದು ದತ್ತಿಯಾಗಿ ಬಿಟ್ಟವನು ಹೊಯ್ಸಳ ದಂಡನಾಯಕ ಗಂಗರಾಜ. ಅಲ್ಲಿಯ ಬಂಡೆಯ ಬೆಟ್ಟದ ಮೇಲೆ ಗೊಮ್ಮಟನಿದ್ದಾನೆ. ಕಳೆದ ದಶಕದಲ್ಲಿ ನಡೆದ ಉತ್ಖನನದಿಂದ ಬಸದಿಗಳ ತಳಪಾಯಗಳು ಹೊರಬಂದ ಮೇಲೆ ಆ ಕ್ಷೇತ್ರಕ್ಕೆ ಯಾತ್ರಿಕರ ಗಮನವೂ ಹೆಚ್ಚಿದೆ. ಇನ್ನು ಮುಂದೆ ಮೆಟ್ಟಿಲು, ಕಟಕಟೆ, ನೆರಳು, ದೀಪ ಎಂಬ ಬೇಡಿಕೆಗಳೂ ಬರುತ್ತವೆ, ಬರುವುದು ಸಹಜ.

ಇಂತಹ ಬಂಡೆಬೆಟ್ಟಗಳ ತಲೆಯ ಮೇಲೆ ಮಳೆನೀರು ನಿಲ್ಲುವ ದೊಣೆಗಳೂ ಅಂಗೈಯಷ್ಟು ಆಳದ ತಗ್ಗುಗಳೂ ಇರುತ್ತವೆ. ಮಾರ್ಚಿ ತಿಂಗಳಲ್ಲಿ ಅಲ್ಲಿ ಕಾಣುವುದು ಬಿರುಕು ಬಿಟ್ಟ ಒಂದು ಬೆರಳು ಮಣ್ಣು ಮಾತ್ರ. ದಕ್ಷಿಣ ಭಾರತದ ಇಂತಹ ತಾತ್ಕಾಲಿಕ ಹೊಂಡಗಳಲ್ಲಿ ಬೆನ್ನಡಿಯಾಗಿ ಈಜುವ, ಚಿಪ್ಪಿಲ್ಲದ ಸಣ್ಣ ಸಿಗಡಿಗಳಿವೆ. ನೀರು ಆರುವ ಮೊದಲು ಅವು ಇಟ್ಟ ಮೊಟ್ಟೆಗಳು ಮಣ್ಣಿನಲ್ಲಿ ಒಣಗಿ, ಕಾದ ಬಂಡೆಯ ಬಿಸಿಯನ್ನು ತಾಳಿ, ವರ್ಷಗಟ್ಟಲೆ ಕಾಯಬಲ್ಲವು; ಮಳೆ ಬಿದ್ದು ಒಂದೆರಡು ದಿನಗಳಲ್ಲಿಯೇ ಒಡೆಯಬಲ್ಲವು; ನೀರು ಇರುವ ಕೆಲವೇ ವಾರಗಳಲ್ಲಿ ಬೆಳೆದು, ಕೂಡಿ, ಮೊಟ್ಟೆಯಿಟ್ಟು ಮುಗಿಸುತ್ತವೆ. ಬಂಡೆಯ ಹಾವಸೆಯಲ್ಲಿ ಅರ್ಧ ಮಿಲಿಮೀಟರಿನ, ಎಂಟು ಕಾಲಿನ ನೀರುಕರಡಿಗಳೂ ಹೀಗೆಯೇ ಮುದುಡಿ ಒಣಗಿ ಕಾಯುತ್ತವೆ. ಶಾಸ್ತ್ರ ಹೇಳಿದ ಶೀತ, ಉಷ್ಣ, ಮಿಶ್ರ ಯೋನಿಗಳಿಗೆ ಇದಕ್ಕಿಂತ ಪ್ರತ್ಯಕ್ಷ ನಿದರ್ಶನ ಬೇಕಾಗಿಲ್ಲ. ಈಗ ಶ್ರಮದಾನದ ಹೆಸರಿನಲ್ಲಿ ಬೇಸಿಗೆಯ ಭಾನುವಾರ ಯುವಕ ಮಂಡಳಿಯವರು ಬೆಟ್ಟ ಹತ್ತಿ ಆ ಒಣಮಣ್ಣನ್ನು ಬಾಂಡಲಿಗಳಲ್ಲಿ ತುಂಬಿ ಕೆಳಗೆ ಚೆಲ್ಲಿದರೆ, ಒಂದು ಸಂತತಿಯ ಭವಿಷ್ಯವನ್ನೆಲ್ಲ ಚೆಲ್ಲಿದಂತಾಯಿತು. ಅವರಲ್ಲಿ ದ್ವೇಷವಿಲ್ಲ, ಕ್ರೌರ್ಯವಿಲ್ಲ, ಇರುವುದು ಪ್ರಮಾದ. ಆದರೆ ಪ್ರಮಾದದಿಂದ ಪ್ರಾಣವನ್ನು ನೀಗಿಸುವುದನ್ನೇ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವಾಗಿ ಕೊಟ್ಟಿರುವುದು. ತಿಳಿಯದೆ ಮಾಡಿದ್ದು ಎಂಬ ವಾದ ತಿಳಿಸಿದ ಮೇಲೆ ನಿಲ್ಲುವುದಿಲ್ಲ.

ಬೆಟ್ಟದಿಂದ ಬಯಲಿಗೆ ಇಳಿದರೆ ಗುತ್ತಲು ಇದೆ. ಬೇರೆಯೇ ಹಳ್ಳಿಯಾಗಿದ್ದ ಈ ಊರು ಇಂದು ಮಂಡ್ಯ ನಗರದೊಳಗೆ ಸೇರಿಹೋಗಿದೆ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಅಂದಿನ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ರಾಗಿಯ ಸೀಮೆ ಕಬ್ಬು ಭತ್ತಗಳ ಸೀಮೆಯಾಯಿತು. ಆ ಬದಲಾವಣೆಯಲ್ಲಿಯೂ ಸಣ್ಣ ಜೀವಗಳು ತಮಗೆ ಹೊಸ ಮನೆಗಳನ್ನು ಹುಡುಕಿಕೊಂಡವು: ತೆವರಿಯಲ್ಲಿ ಏಡಿಯ ಬಿಲ, ಕಾಲುವೆಯ ಅಂಚಿನ ಜೊಂಡಿನಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳು, ಬೇಲಿಸಾಲಿನ ಬುಡದಲ್ಲಿ ಓತಿಕ್ಯಾತ, ಕಬ್ಬಿನ ತರಗಿನ ಅಡಿಯಲ್ಲಿ ಎರೆಹುಳು, ಜೇಡ, ಸಾವಿರಕಾಲು. ಗದ್ದೆಗಳು ಬಡಾವಣೆಗಳಾದಾಗ ಇವೆಲ್ಲದರ ಮೇಲೆ ಒಂದೇ ದಿನ ಮಣ್ಣು ಬೀಳುತ್ತದೆ. ಆಗದೇ ಉಳಿದ ಗದ್ದೆಗಳಲ್ಲಿ ತೆವರಿಗೆ ಕಳೆನಾಶಕ, ತರಗಿಗೆ ಬೆಂಕಿ.

ಇದರಲ್ಲಿ ಜೈನರ ಪಾಲೆಷ್ಟು ಎಂದು ಕೇಳುವವರು ಆಶಾಧರನ ಸಾಗಾರಧರ್ಮಾಮೃತವನ್ನು ತೆರೆಯಬೇಕು. ಹದಿಮೂರನೆಯ ಶತಮಾನದ ಆ ಗ್ರಂಥದಲ್ಲಿ ಹದಿನೈದು ಖರಕರ್ಮಗಳ ಪಟ್ಟಿ ಇದೆ. ಅದರಲ್ಲಿ ನೆಲ ಒಡೆಯುವ ಸ್ಫೋಟಜೀವಿಕೆ, ವಿಷದ ವ್ಯಾಪಾರ, ಹುಲ್ಲಿಗೆ ಕಾಡಿಗೆ ಬೆಂಕಿಯಿಡುವ ದವದಾನ, ಕೆರೆಯನ್ನು ಬತ್ತಿಸುವ ಸರಃಶೋಷಣ ಎಲ್ಲವೂ ಇವೆ. ಕಲ್ಲುಗಣಿಯಲ್ಲಿ ಪಾಲು, ಕೀಟನಾಶಕದ ಅಂಗಡಿ, ತರಗಿಗೆ ಬೆಂಕಿಯಿಡುವ ಗುತ್ತಿಗೆದಾರನಿಗೆ ಜಮೀನು, ಕೆರೆಯಂಗಳದಲ್ಲಿ ನಿವೇಶನ: ಈ ನಾಲ್ಕನ್ನು ಬಿಟ್ಟು ಬಾಳುವ ಕುಟುಂಬಗಳು ಇಲ್ಲವೆಂದಲ್ಲ, ಆದರೆ ಅವುಗಳಿಂದ ಬಂದ ಹಣ ಪಂಚಕಲ್ಯಾಣದ ಹರಾಜಿನಲ್ಲಿ ಮೊದಲ ಸಾಲಿನಲ್ಲಿ ಕೂರುವುದಿಲ್ಲವೆಂದು ಯಾವ ಟ್ರಸ್ಟ್ ಎದೆ ಮುಟ್ಟಿ ಹೇಳಬಲ್ಲದು? (ಪಟ್ಟಿಯಲ್ಲಿ ಯಂತ್ರಪೀಡನವೂ ಇದೆ; ಗಾಣ ಆಡಿಸುವುದು, ಕಬ್ಬು ಅರೆಯುವುದು ಅದರೊಳಗೆ ಬರುತ್ತದೆ. ಆಲೆಮನೆಯ ಸೀಮೆಯಲ್ಲಿ ಈ ಮಾತನ್ನು ಯಾರೂ ಜೋರಾಗಿ ಓದುವುದಿಲ್ಲ. ಆಲೆಮನೆಗಳನ್ನು ಮುಚ್ಚಿರೆಂದು ಇಲ್ಲಿ ಹೇಳುತ್ತಿಲ್ಲ; ಬೆಲ್ಲ ಉದ್ಯೋಗಿ ಹಿಂಸೆಯ ಲೆಕ್ಕಕ್ಕೆ ಸೇರಲಿ. ತರಗಿನ ಬೆಂಕಿ ಯಾವ ಲೆಕ್ಕಕ್ಕೆ? ಅದನ್ನು ಸಾಲುಗಳ ನಡುವೆ ಹಾಸಿದರೆ ತೇವ ಉಳಿದು, ಕೊಳೆತು ಗೊಬ್ಬರವಾಗುತ್ತದೆ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ.)

ಮದ್ದೂರು ತಾಲ್ಲೂಕಿನದೇ ಆದ ಕೊಕ್ಕರೆ ಬೆಳ್ಳೂರಿನ ಜನರು ಅಣುವ್ರತ ಹಿಡಿದವರಲ್ಲ. ಬಹುಮಟ್ಟಿಗೆ ಮಾಂಸಾಹಾರಿಗಳು. ಮನೆಯಂಗಳದ ಹುಣಸೆ, ಆಲ, ಅರಳಿಗಳ ಮೇಲೆ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಗೂಡು ಕಟ್ಟುತ್ತವೆಂದು ಆ ಋತುವಿನಲ್ಲಿ ಹುಣಸೆಯ ಫಲವನ್ನೇ ಬಿಟ್ಟುಕೊಟ್ಟು, ಹಿಕ್ಕೆಯ ವಾಸನೆ, ಸೂರಿನ ಮೇಲೆ ಬೀಳುವ ಮೀನಿನ ತುಂಡು ಎಲ್ಲವನ್ನೂ ಸಹಿಸಿಕೊಂಡು ಬಂದರು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಹೊರಜಗತ್ತಿಗೆ ತಿಳಿಸುವವರೆಗೆ ಅವರನ್ನು ಹೊಗಳುವವರೂ ಇರಲಿಲ್ಲ. 2007ರಲ್ಲಿ ಆ ಊರು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಒಂದು ಊರು ತನ್ನ ಮರಗಳನ್ನು ಇನ್ನೊಬ್ಬರ ಮನೆಯೆಂದು ಒಪ್ಪಿಕೊಂಡದ್ದಷ್ಟೇ ಅಲ್ಲಿ ನಡೆದದ್ದು. ಬಸದಿಯ ಪೌಳಿಯನ್ನು ಹಾಗೆ ಒಪ್ಪಿಕೊಳ್ಳಲು ಜಿನಾಗಮದ ಆಧಾರವೂ ಇರುವ ಸಮಾಜಕ್ಕೆ ಅಡ್ಡಿಯೇನು?

ಅಡ್ಡಿಗಳನ್ನು ಹೇಳುವವರಿದ್ದಾರೆ, ಅವರ ಮಾತಿನಲ್ಲಿ ಕೆಲವು ನಿಜ. ಮೆಟ್ಟಿಲ ಮೇಲೆ ಪಾಚಿ ಬೆಳೆದರೆ ವೃದ್ಧರು ಜಾರಿ ಬೀಳುತ್ತಾರೆ. ಬೀಳಬಾರದು, ನಡೆಯುವ ಹಾದಿಯನ್ನು ಒಣಗಿದ ಕಾಲದಲ್ಲಿ ಒರಟು ಪೊರಕೆಯಿಂದ ಗುಡಿಸಿ ಇಡಬೇಕು. ಅದಕ್ಕಾಗಿ ಯಾರೂ ಕಾಲಿಡದ ಹಿಂಗೋಡೆಯನ್ನು ತೊಳೆಯಬೇಕಾಗಿಲ್ಲ. ಕಲ್ಲುಹೂವು ಕೆತ್ತನೆಯನ್ನು, ಶಾಸನಾಕ್ಷರವನ್ನು ಸವೆಸುತ್ತದೆ ಎಂಬುದೂ ಅಲ್ಲಗಳೆಯುವ ಮಾತಲ್ಲ. ವಿಶೇಷವಾಗಿ ಬಳಪದ ಕಲ್ಲಿನ ಮೇಲೆ. ಬಿಂಬಕ್ಕೂ ಶಾಸನಕ್ಕೂ ಬಲ್ಲವರಿಂದ, ಮೃದುವಾದ ಕುಂಚದಿಂದ ಕೆಲಸ ಮಾಡಿಸಬೇಕು. ಆದರೆ ಕಲ್ಲನ್ನು ಉಳಿಸಲು ಆ್ಯಸಿಡ್ ಸುರಿಯುವವರು ಕಲ್ಲುಹೂವಿಗಿಂತ ವೇಗವಾಗಿ ಕಲ್ಲನ್ನು ತಿನ್ನುವ ವಸ್ತುವನ್ನು ಸುರಿಯುತ್ತಿದ್ದಾರೆ. ಹಳೆಯ ಗೋಡೆಗೆ ತುಂಬಿದ ಸಿಮೆಂಟು ಒಳಗಿನ ತೇವವನ್ನು ಹೊರಬಿಡದೆ, ತನ್ನ ಲವಣವನ್ನು ಕಲ್ಲಿಗೆ ಇಳಿಸಿ ಅದನ್ನು ಸಿಪ್ಪೆಯೇಳಿಸುತ್ತದೆ. ಇಲ್ಲಿ ಜೀವಿಯೂ ಉಳಿಯಲಿಲ್ಲ, ಕಲ್ಲೂ ಉಳಿಯಲಿಲ್ಲ.

ಸೊಳ್ಳೆಯ ವಾದ ಎಲ್ಲಕ್ಕಿಂತ ಜೋರಾದುದು. ಡೆಂಗಿ ಬಂದು ಮಕ್ಕಳು ಸಾಯುವ ಕಾಲದಲ್ಲಿ ಹುಳುಗಳ ಮನೆಯ ಚಿಂತೆಯೇ ಎಂದು ಕೇಳುತ್ತಾರೆ. ಗೃಹಸ್ಥನಿಗೆ ವಿರೋಧಿ ಹಿಂಸೆಯ ವಿನಾಯಿತಿ ಇದೆ. ಮಗುವಿನ ಪ್ರಾಣ ಉಳಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ಮುಚ್ಚಳವಿಲ್ಲದ ತೊಟ್ಟಿಯಲ್ಲಿ, ಹಳೆಯ ಟೈರಿನಲ್ಲಿ, ಯಾತ್ರಿಕರು ಎಸೆದ ಪ್ಲಾಸ್ಟಿಕ್ ಲೋಟದಲ್ಲಿ. ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ಇರುವ ಕಲ್ಯಾಣಿಯಲ್ಲಿ ಸೊಳ್ಳೆಯ ಮರಿಯನ್ನು ತಿನ್ನುವವರಿದ್ದಾರೆ. ಅವರ ಮನೆಯನ್ನು ಸಿಮೆಂಟಿನಿಂದ ಮುಚ್ಚಿ, ಲೋಟವನ್ನು ಹಾಗೇ ಬಿಟ್ಟು, ಆಮೇಲೆ ಹೊಗೆ ಹಾಕಿಸುವುದು ಯಾವ ವಿವೇಕ?

ಹಾವು ಚೇಳುಗಳ ಭಯಕ್ಕೆ ಹೆಚ್ಚು ಉತ್ತರ ಬೇಕಿಲ್ಲ. ಪಾರ್ಶ್ವನಾಥನ ತಲೆಯ ಮೇಲೆ ಹೆಡೆಯನ್ನು ಕಂಡು ಕೈಮುಗಿಯುವವರು ಹಿತ್ತಿಲ ಗೋಡೆಯ ಒಂದು ಸಂದಿನ ಬಗ್ಗೆ ಸ್ವಲ್ಪ ಧೈರ್ಯ ತಂದುಕೊಳ್ಳಬಹುದು.

ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿವರಿಸಿ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆದಕುವುದನ್ನೂ ಸಸ್ಯಗಳನ್ನು ಕಡಿಯುವುದನ್ನೂ ಪ್ರಮಾದಚರ್ಯೆ ಎಂದು ಕರೆದರು. ಹೊಟ್ಟೆಪಾಡಿಗಾಗಿ ಉಳುವ ರೈತನ ಹಿಂಸೆಗೆ ಪ್ರಯೋಜನವಿದೆ. ಛಾಯಾಚಿತ್ರದಲ್ಲಿ ಬಸದಿ ಬೆಳ್ಳಗೆ ಕಾಣಲೆಂದು ಮಾಡಿದ ಹಿಂಸೆಗೆ ಯಾವ ಪ್ರಯೋಜನ?

ಆಡಳಿತ ಮಂಡಳಿಗಳು ಮಾಡಬೇಕಾದ ಕೆಲಸಕ್ಕೆ ಲಕ್ಷಗಟ್ಟಲೆ ಹಣ ಬೇಕಿಲ್ಲ, ಉಳಿಯುವುದೇ ಹೆಚ್ಚು. ಜೀರ್ಣೋದ್ಧಾರದ ದರಪಟ್ಟಿ ಕರೆಯುವಾಗ ಆ್ಯಸಿಡ್, ಸಿಮೆಂಟು ಗಾರೆ, ಕಳೆನಾಶಕ ಬಳಸುವಂತಿಲ್ಲವೆಂದು ಷರತ್ತು ಬರೆಸಬಹುದು. ಅಂಗಳದಲ್ಲಿ ನಡೆಯುವ ಹಾದಿಗೆ ಮಾತ್ರ ಕಲ್ಲು ಹಾಸಿ ಉಳಿದ ನೆಲವನ್ನು ಮಣ್ಣಾಗಿಯೇ ಬಿಡಬಹುದು. ಪೌಳಿಯ ಒಂದು ಮೂಲೆಯಲ್ಲಿ ಉದುರಿದ ಎಲೆ, ಮುರಿದ ಕೊಂಬೆಗಳನ್ನು ಸುಡದೆ ರಾಶಿ ಹಾಕಬಹುದು. ರಾತ್ರಿಯ ಪೂಜೆ ಮುಗಿದೊಡನೆ ಹೊರಗಿನ ದೀಪಗಳನ್ನು ಆರಿಸಬಹುದು. ದೊಣೆಯಿಂದ ಪ್ಲಾಸ್ಟಿಕ್ಕನ್ನು ಮಾತ್ರ ಕೈಯಿಂದ ಹೆಕ್ಕಿ, ಮಣ್ಣನ್ನು ಅಲ್ಲಿಯೇ ಬಿಡಬಹುದು. ಹೂಳು ತೆಗೆಯಲೇಬೇಕಾದ ಕಲ್ಯಾಣಿಯಲ್ಲಿ ಒಂದು ವರ್ಷ ಒಂದು ಬದಿ, ಮರುವರ್ಷ ಇನ್ನೊಂದು ಬದಿ ತೆಗೆಯಬಹುದು. ಮುನಿಸಂಘವನ್ನು ವರ್ಷಾಯೋಗಕ್ಕೆ ಬಿನ್ನವಿಸಲು ಹೋಗುವ ಟ್ರಸ್ಟುಗಳು, ಮುನಿಗಳು ಬರುವ ಮುನ್ನವೇ ಆವರಣವನ್ನು ಔಷಧಿ ಹೊಡೆಸಿ 'ಶುದ್ಧ' ಮಾಡಿಸುವ ಪದ್ಧತಿಯನ್ನು ಈ ವರ್ಷದಿಂದಲೇ ಕೈಬಿಡಬೇಕು. ಆ ಮುನಿಗಳು ಕೈಯಲ್ಲಿ ನವಿಲುಗರಿಯ ಪಿಂಛ ಹಿಡಿದು ಬರುವುದು ಅಲ್ಲಿ ಹುಳುಗಳು ಇರುತ್ತವೆಂಬ ನಂಬಿಕೆಯಿಂದ.